ಚಳಿಗಾಲವೇ ನಮ್ಮ ಓಟದ ಕಾಲ

ದೀಪಾವಳಿ ಕಳೆದು ಕಾರ್ತೀಕದ ಇಬ್ಬನಿ ಬೀಳಲು ಶುರುವಾಯಿತೆಂದರೆ ಬಂಗಾರಪೇಟೆ, ಕೆಜಿಎಫ್ ಸುತ್ತಿನ ಮೈದಾನಗಳಲ್ಲಿ ಬೆಳಗಿನ ಓಟಗಾರರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಮಳೆಗಾಲದಲ್ಲಿ ಹೊಸ ಶೂ ಕೊಂಡು ಹುರುಪಿನಿಂದ ಹೊರಟವರು, ಡಾಕ್ಟರು ಸಕ್ಕರೆ ಕಾಯಿಲೆಯ ಎಚ್ಚರಿಕೆ ಕೊಟ್ಟ ಮೇಲೆ ಓಡಲು ಕಲಿತ ನಡುವಯಸ್ಸಿನವರು, ಶಾಲೆಯ ಮೇಷ್ಟರು, ಬ್ಯಾಂಕಿನವರು, ಎಲ್ಲರೂ ಮನೆಯೊಳಗೆ ಉಳಿಯುತ್ತಾರೆ. ಮೈದಾನದಲ್ಲಿ ಉಳಿಯುವವರು ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ 1600 ಮೀಟರ್ ಓಟಕ್ಕೋ ಸೇನಾ ಭರ್ತಿಗೋ ತಯಾರಾಗುತ್ತಿರುವ ಹುಡುಗರು ಮಾತ್ರ. ಬಿಟ್ಟವರನ್ನು ಕೇಳಿದರೆ ಬರುವ ಉತ್ತರ ಒಂದೇ. "ಚಳಿ ಸಾರ್. ಸಂಕ್ರಾಂತಿ ಕಳೀಲಿ, ಮತ್ತೆ ಶುರು ಮಾಡ್ತೀನಿ."

ಸಂಕ್ರಾಂತಿ ಕಳೆಯುತ್ತದೆ, ಶಿವರಾತ್ರಿಗೆ ಚಳಿ ಶಿವ ಶಿವಾ ಎನ್ನುತ್ತಾ ಹೋಗಿಯೂ ಬಿಡುತ್ತದೆ. ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ. ವರ್ಷದಲ್ಲಿ ಓಡುವುದಕ್ಕೆ ಅತ್ಯಂತ ಯೋಗ್ಯವಾದ ನಾಲ್ಕು ತಿಂಗಳನ್ನು ನಾವು ಮಲಗಿ ಕಳೆದಿರುತ್ತೇವೆ. ಈ ಅಧ್ಯಾಯದಲ್ಲಿ ನಾನು ಹೇಳಬೇಕಾಗಿರುವುದು ಇಷ್ಟೇ: ಕೋಲಾರ ಸೀಮೆಯ ಚಳಿ ಓಟಕ್ಕೆ ಅಡ್ಡಿಯಲ್ಲ, ಅನುಕೂಲ. ನಮ್ಮನ್ನು ತಡೆಯುವುದು ಬೇರೆಯೇ ಒಂದಷ್ಟು ಸಂಗತಿಗಳು. ಅವುಗಳನ್ನು ಒಂದೊಂದಾಗಿ ಅರ್ಥ ಮಾಡಿಕೊಂಡರೆ ಬಹುಪಾಲು ದಾರಿ ತೆರೆಯುತ್ತದೆ.

ಮೊದಲು ಚಳಿ ಎಷ್ಟು ಎಂಬುದನ್ನು ನೋಡೋಣ. ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್, ಅದು 1884ರ ಜನವರಿ 13ರದು. ಅಲ್ಲಿಂದ ಇಲ್ಲಿಯವರೆಗೆ ಆ ದಾಖಲೆ ಮುರಿದಿಲ್ಲ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಬಂಗಾರಪೇಟೆ, ಬೂದಿಕೋಟೆ, ಕೆಜಿಎಫ್ ಕೂಡ ಹೆಚ್ಚುಕಡಿಮೆ ಇದೇ ಹವೆಯವು. ಡಿಸೆಂಬರ್, ಜನವರಿಯ ಮುಂಜಾನೆಗಳು ಸಾಮಾನ್ಯವಾಗಿ 14-15 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಆಕಾಶ ಶುಭ್ರವಾಗಿರುವ ಕೆಲವು ದಿನ ಇನ್ನೂ ಕೆಳಗಿಳಿಯುತ್ತವೆ.

ಈಗ ಇದರ ಪಕ್ಕದಲ್ಲಿ ಒಂದು ಪ್ರಯೋಗವನ್ನು ಇಡುತ್ತೇನೆ. 1997ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಸ್ಟುವರ್ಟ್ ಗ್ಯಾಲೊವೇ ಮತ್ತು ರೊನಾಲ್ಡ್ ಮಾನ್ ಎಂಬ ವಿಜ್ಞಾನಿಗಳು ಎಂಟು ಜನರನ್ನು ನಾಲ್ಕು ಬೇರೆ ಬೇರೆ ಉಷ್ಣತೆಗಳಲ್ಲಿ ವ್ಯಾಯಾಮದ ಸೈಕಲ್ ತುಳಿಯಲು ಬಿಟ್ಟರು. ಶ್ರಮ ಒಂದೇ, ಸುಸ್ತಾಗಿ ನಿಲ್ಲುವವರೆಗೆ ತುಳಿಯಬೇಕು. 31 ಡಿಗ್ರಿಯಲ್ಲಿ ಅವರು ಸರಾಸರಿ 52 ನಿಮಿಷಕ್ಕೇ ಕೈಚೆಲ್ಲಿದರು. 21 ಡಿಗ್ರಿಯಲ್ಲಿ 81 ನಿಮಿಷ ಬಾಳಿದರು. 11 ಡಿಗ್ರಿಯಲ್ಲಿ 93 ನಿಮಿಷ ದಾಟಿತು. 4 ಡಿಗ್ರಿಗೆ ಇಳಿಸಿದಾಗ ಮತ್ತೆ 81ಕ್ಕೆ ಬಂತು. ದೊಡ್ಡ ದೊಡ್ಡ ಮ್ಯಾರಥಾನ್‌ಗಳ ಫಲಿತಾಂಶಗಳನ್ನು ಹವೆಯ ಜೊತೆ ಹೊಂದಿಸಿ ನೋಡಿದವರಿಗೂ ಸಿಕ್ಕಿದ್ದು ಇದೇ ಚಿತ್ರ. ಹತ್ತು ಡಿಗ್ರಿಯ ಸುತ್ತಮುತ್ತ ಮನುಷ್ಯ ಚೆನ್ನಾಗಿ ಓಡುತ್ತಾನೆ, ಅಲ್ಲಿಂದ ಮೇಲೇರಿದಷ್ಟೂ ನಿಧಾನವಾಗುತ್ತಾನೆ. ಅಂದರೆ ಬೂದಿಕೋಟೆಯ ಡಿಸೆಂಬರ್ ಮುಂಜಾನೆ, ಆ ಆದರ್ಶಕ್ಕೆ ನಮ್ಮ ನೆಲ ವರ್ಷದಲ್ಲಿ ಅತಿ ಹತ್ತಿರ ಬರುವ ಹೊತ್ತು.

ಕಾರಣ ತೀರಾ ಸರಳವಾದ ಲೆಕ್ಕದಲ್ಲಿದೆ. ಓಡುವಾಗ ದೇಹದ ಪ್ರತಿ ಕಿಲೊ ತೂಕಕ್ಕೆ, ಪ್ರತಿ ಕಿಲೊಮೀಟರಿಗೆ ಸುಮಾರು ಒಂದು ಕಿಲೊ ಕ್ಯಾಲೊರಿ ಖರ್ಚಾಗುತ್ತದೆ. 60 ಕಿಲೊ ತೂಗುವವರು ಗಂಟೆಗೆ 9 ಕಿಲೊಮೀಟರ್ ವೇಗದಲ್ಲಿ ಓಡಿದರೆ 540 ಕಿಲೊ ಕ್ಯಾಲೊರಿ. ಸ್ನಾಯುಗಳು ಅದರಲ್ಲಿ ಕೆಲಸಕ್ಕೆ ಬಳಸಿಕೊಳ್ಳುವುದು ಕಾಲು ಭಾಗಕ್ಕಿಂತ ಕಡಿಮೆ. ಉಳಿದ 400ಕ್ಕೂ ಹೆಚ್ಚು ಕಿಲೊ ಕ್ಯಾಲೊರಿ ಬರೀ ಶಾಖ. ಆ ಶಾಖ ಹೊರಹೋಗದೆ ಒಳಗೇ ಉಳಿದರೆ ಒಂದು ಗಂಟೆಯಲ್ಲಿ ಮೈಯ ಉಷ್ಣತೆ ಎಂಟು ಡಿಗ್ರಿ ಏರಬೇಕು. ಅಷ್ಟು ಏರಿದರೆ ಬದುಕಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಹೃದಯ ಎರಡು ಕೆಲಸ ಮಾಡುತ್ತದೆ: ಕಾಲಿನ ಸ್ನಾಯುಗಳಿಗೆ ರಕ್ತ ಕಳಿಸುವುದು ಒಂದು, ಶಾಖವನ್ನು ಹೊರಹಾಕಲು ಚರ್ಮಕ್ಕೆ ರಕ್ತ ಕಳಿಸುವುದು ಇನ್ನೊಂದು. ಚಳಿಯಲ್ಲಿ ಎರಡನೆಯ ಕೆಲಸ ಬಹುಮಟ್ಟಿಗೆ ತಾನೇ ಆಗಿಹೋಗುತ್ತದೆ. ಅದೇ ವೇಗಕ್ಕೆ ನಾಡಿ ಬಡಿತ ಕಡಿಮೆ, ಬೆವರು ಕಡಿಮೆ, ಸುಸ್ತು ತಡ.

ಈ ವಿಷಯದಲ್ಲಿ ನಮ್ಮ ನೆಲಕ್ಕೆ ಒಂದು ವಿಶೇಷ ಹಕ್ಕಿದೆ ಎಂದು ನನಗನ್ನಿಸುತ್ತದೆ. ಶಾಖ ಮತ್ತು ದುಡಿಯುವ ದೇಹದ ಸಂಬಂಧವನ್ನು ಜಗತ್ತು ಕಲಿತದ್ದು ಬಹಳ ಮಟ್ಟಿಗೆ ಚಿನ್ನದ ಗಣಿಗಳಲ್ಲಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೊಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯ ಉಷ್ಣತೆ 60 ಡಿಗ್ರಿ ದಾಟುತ್ತಿತ್ತು. ಮುಟ್ಟಿದರೆ ಕೈ ಸುಡುವ ಬಂಡೆಯ ನಡುವೆ, ಧೂಳು ಅಡಗಿಸಲು ಚಿಮುಕಿಸಿದ ನೀರಿನ ಸೆಕೆಯಲ್ಲಿ, ಬಹುಪಾಲು ಆರ್ಕಾಟ್ ಕಡೆಯಿಂದ ಬಂದ ದಲಿತ ಕುಟುಂಬಗಳ ಜನ ಪಾಳಿಯ ಮೇಲೆ ಪಾಳಿ ದುಡಿದರು. 1930ರ ದಶಕದಲ್ಲೇ ಇಲ್ಲಿ ಗಾಳಿಯನ್ನು ತಂಪು ಮಾಡಿ ಕೆಳಕ್ಕೆ ಕಳಿಸುವ ಯಂತ್ರಗಳು ಬಂದವು ಎಂದರೆ ಸೆಕೆ ಎಷ್ಟಿದ್ದಿರಬೇಕು, ಊಹಿಸಿ. ಗಣಿ ಪ್ರದೇಶದಲ್ಲಿ ವೈದ್ಯರಾಗಿದ್ದ ಎ. ಕ್ಯಾಪ್ಲನ್ ಕೋಲಾರದ ಗಣಿಗಳ ಆಳದಲ್ಲಿ ಕುಸಿದು ಬೀಳುವ ಕಾರ್ಮಿಕರ ಬಗ್ಗೆ 1944ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮುಂದೆ ಜೆ.ಕೆ. ಲಿಂಡ್ಸೆ ಜೊತೆ ಸೇರಿ, ಬಿಸಿ ಹೆಚ್ಚಾದಂತೆ ಕಾರ್ಮಿಕರ ಕೆಲಸದ ಸಾಮರ್ಥ್ಯ ಏನಾಗುತ್ತದೆ ಎಂಬುದನ್ನೂ ಅಳೆದರು. ಶಾಖದ ಕಾಯಿಲೆಗಳ ಮೇಲೆ ಆಮೇಲೆ ಬಂದ ಪಠ್ಯಗಳು ಈ ಕೆಲಸವನ್ನು ನೆನೆಯುತ್ತವೆ.

ಇದೇ ಕಾಲಕ್ಕೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಇನ್ನೊಂದು ಸಂಗತಿ ಸ್ಪಷ್ಟವಾಗುತ್ತಿತ್ತು. 1930ರ ದಶಕದಲ್ಲಿ ಡ್ರಿಯೋಸ್ಟಿ ಎಂಬ ವೈದ್ಯರು ಹೊಸದಾಗಿ ಸೇರಿದವರನ್ನು ಬಿಸಿಯೂ ತೇವವೂ ಆದ ಕೋಣೆಯಲ್ಲಿ ದುಡಿಸಿ, ಮೈಬಿಸಿ ಎಷ್ಟು ಏರುತ್ತದೆಂದು ಅಳೆದರು. ದಿನ ಕಳೆದಂತೆ ಅದೇ ಕೆಲಸಕ್ಕೆ ಮೈಬಿಸಿ ಕಡಿಮೆ ಏರುತ್ತದೆ, ದೇಹ ಸೆಕೆಗೆ ಒಗ್ಗಿಕೊಳ್ಳುತ್ತದೆ ಎಂಬುದು ಇಂಥ ಅಧ್ಯಯನಗಳಿಂದ ಖಚಿತವಾಯಿತು. ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಇಂದು ಒಲಿಂಪಿಕ್ಸ್‌ಗೆ ಹೊರಟ ಓಟಗಾರರು ಸೆಕೆಯ ಊರಿನ ಸ್ಪರ್ಧೆಗೆ ಮುನ್ನ ಎರಡು ವಾರ ಬಿಸಿಯಲ್ಲಿ ಅಭ್ಯಾಸ ಮಾಡುವುದರ ಹಿಂದೆ ಗಣಿ ಕಾರ್ಮಿಕರ ಬೆವರಿದೆ. ಆ ಕೆಲಸ ಅವರು ಆಯ್ದುಕೊಂಡ ವ್ಯಾಯಾಮವಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು. ಅದನ್ನು ಮರೆತು ಬರೀ ವಿಜ್ಞಾನವನ್ನಷ್ಟೇ ಎತ್ತಿಕೊಂಡರೆ ಅದು ನ್ಯಾಯವಲ್ಲ.

ಸರಿ, ಹವೆ ನಮ್ಮ ಪರವಾಗಿದೆ. ಹಾಗಿದ್ದರೆ ಐದೂವರೆಗೆ ಎದ್ದು ರಗ್ಗು ಸರಿಸುವುದು ಯಾಕಿಷ್ಟು ಕಷ್ಟ?

ನಮ್ಮ ಮೈಬಿಸಿ ದಿನವಿಡೀ 37 ಡಿಗ್ರಿಯಲ್ಲೇ ನಿಂತಿರುವುದಿಲ್ಲ. ಸಂಜೆ ಐದರಿಂದ ಏಳರೊಳಗೆ ಅದು ಅತಿ ಹೆಚ್ಚು, ಎಚ್ಚರವಾಗುವುದಕ್ಕೆ ಎರಡು ಗಂಟೆ ಮೊದಲು, ಅಂದರೆ ನಸುಕಿನ ನಾಲ್ಕು ಐದರ ಹೊತ್ತಿಗೆ, ಅತಿ ಕಡಿಮೆ. ನಡುವಿನ ವ್ಯತ್ಯಾಸ ಅರ್ಧದಿಂದ ಒಂದು ಡಿಗ್ರಿ. ಅಲಾರಾಂ ಹೊಡೆದಾಗ ದೇಹ ಆ ತಗ್ಗಿನಿಂದ ಇನ್ನೂ ಪೂರ್ತಿ ಮೇಲೆದ್ದಿರುವುದಿಲ್ಲ. ಮಿದುಳೂ ನಿದ್ದೆಯ ಮಂಪರಿನಿಂದ ಹೊರಬರಲು ಹದಿನೈದರಿಂದ ಮೂವತ್ತು ನಿಮಿಷ ಬೇಡುತ್ತದೆ. ಆ ಹೊತ್ತಿನಲ್ಲಿ ನಮಗೆ ಅನ್ನಿಸುವ ಚಳಿಯಲ್ಲಿ ಹೊರಗಿನದು ಸ್ವಲ್ಪ, ಒಳಗಿನದು ಸ್ವಲ್ಪ. ಇದನ್ನು ತಿಳಿದಮೇಲೆ ಒಂದು ನಿರ್ಧಾರ ಸುಲಭವಾಗುತ್ತದೆ: ಓಡಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಹಾಸಿಗೆಯಲ್ಲಿ ಕೇಳಿಕೊಳ್ಳಬಾರದು. ಉತ್ತರ ಕೊಡುವ ಸ್ಥಿತಿಯಲ್ಲಿ ಮಿದುಳು ಆಗ ಇರುವುದಿಲ್ಲ. ಆ ಪ್ರಶ್ನೆ ಹಿಂದಿನ ರಾತ್ರಿಯೇ ತೀರ್ಮಾನವಾಗಿರಬೇಕು.

ಎರಡನೆಯದು ಕತ್ತಲೆ. ಇಲ್ಲೊಂದು ಸ್ವಾರಸ್ಯವಿದೆ, ಸ್ವಲ್ಪ ನಿಂತು ನೋಡುವಂಥದ್ದು. ಡಿಸೆಂಬರ್ 21-22ರ ಸುಮಾರಿಗೆ ವರ್ಷದ ಅತಿ ಚಿಕ್ಕ ಹಗಲು. ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 11 ಗಂಟೆ 20 ನಿಮಿಷ. ಅಲ್ಲಿಂದ ಹಗಲು ಬೆಳೆಯುತ್ತಾ ಹೋಗುತ್ತದೆ. ಹಾಗಾದರೆ ಬೆಳಗೂ ಬೇಗ ಆಗಬೇಕಲ್ಲ? ಆಗುವುದಿಲ್ಲ. ಬಂಗಾರಪೇಟೆಯಲ್ಲಿ ಡಿಸೆಂಬರ್ 21ಕ್ಕೆ ಸೂರ್ಯ ಹುಟ್ಟುವುದು ಸುಮಾರು 6.35ಕ್ಕೆ. ಸಂಕ್ರಾಂತಿ ಕಳೆದು ಜನವರಿಯ ಕೊನೆಯ ವಾರಕ್ಕೆ ಬರುವಾಗ ಅದು 6.44ರವರೆಗೂ ಹಿಂದೆ ಸರಿದಿರುತ್ತದೆ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬಂದು ತನ್ನ ಕಕ್ಷೆಯಲ್ಲಿ ವೇಗವಾಗಿ ಓಡುತ್ತಿರುತ್ತದೆ. ಜೊತೆಗೆ ಭೂಮಿಯ ಅಕ್ಷ ವಾಲಿಕೊಂಡಿದೆ. ಇವೆರಡರಿಂದ ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ 24 ಗಂಟೆಗಿಂತ ಸುಮಾರು ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ. ಸಮಭಾಜಕಕ್ಕೆ ಹತ್ತಿರವಿರುವ ನಮ್ಮಲ್ಲಿ ಹಗಲು ದಿನಕ್ಕೆ ಬೆಳೆಯುವುದು ಕೆಲವೇ ಸೆಕೆಂಡು. ಹಾಗಾಗಿ ಬೆಳೆದ ಹಗಲೆಲ್ಲ ಸಂಜೆಯ ಕಡೆ ಸೇರಿಕೊಳ್ಳುತ್ತದೆ. ಬೆಳಗು ಮಾತ್ರ ಇನ್ನಷ್ಟು ತಡವಾಗುತ್ತದೆ. ಇದರ ಮೇಲೆ, ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ನಾವಿರುವುದು 78ರ ಹತ್ತಿರ. ಅಲ್ಲೂ ಹದಿನೇಳು ನಿಮಿಷ ತಡ.

ಆದ್ದರಿಂದ "ಸಂಕ್ರಾಂತಿ ಕಳೀಲಿ" ಎನ್ನುವವರ ಲೆಕ್ಕ ಬೆಳಕಿನ ಮಟ್ಟಿಗಂತೂ ಕೂಡುವುದಿಲ್ಲ. ಬೆಳಿಗ್ಗೆ ಓಡುವವರಿಗೆ ಅತಿ ಕತ್ತಲೆಯ ವಾರಗಳು ಸಂಕ್ರಾಂತಿಯ ಹಿಂದೆಮುಂದೆಯೇ ಇರುತ್ತವೆ. ನಾನು ಹೇಳುವ ದಾರಿ ಬೇರೆ: ಜನವರಿಯಲ್ಲಿ ಓಟವನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ. ಸೂರ್ಯ ಹುಟ್ಟುವ ಇಪ್ಪತ್ತು ನಿಮಿಷ ಮೊದಲು ದಾರಿ ಕಾಣುವಷ್ಟು ಬೆಳಕು ಬಂದಿರುತ್ತದೆ, ಆರೂಕಾಲು ದಾಟಿದ ಮೇಲೆ ಹೊರಟರೆ ಸಾಕು. ಹೆಣ್ಣುಮಕ್ಕಳಿಗೆ ಇದು ಅನುಕೂಲದ ಮಾತಲ್ಲ, ಓಡಲು ಆಗುತ್ತದೋ ಇಲ್ಲವೋ ಎಂಬುದನ್ನೇ ನಿರ್ಧರಿಸುವ ಮಾತು. ಖಾಲಿ ರಸ್ತೆ, ಬೀದಿನಾಯಿಗಳ ಹಿಂಡು, ದೀಪವಿಲ್ಲದ ತಿರುವು, ಇವುಗಳನ್ನು "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂದು ಹೇಳಿ ತಳ್ಳಿಹಾಕುವುದು ತಪ್ಪು. ಇಬ್ಬರು ಮೂವರು ಒಟ್ಟಿಗೆ ಓಡುವುದು, ಇಲ್ಲವೇ ಸಂಜೆಗೆ ಬದಲಾಯಿಸಿಕೊಳ್ಳುವುದು ಸರಿಯಾದ ಕ್ರಮ. ಸಂಜೆ ಮೈಬಿಸಿ ಏರಿರುತ್ತದೆ, ಸ್ನಾಯುಗಳು ಸಡಿಲವಾಗಿರುತ್ತವೆ. ಓಟ ಸಂಜೆ ಇನ್ನೂ ಚೆನ್ನಾಗಿಯೇ ಬರುತ್ತದೆ. ಆದರೆ ನಸುಕಿಗೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ಮನೆ ಸೇರುವ ಸಾವಿರಾರು ಮಂದಿಗೆ ಬೆಳಗೂ ಇಲ್ಲ, ಸಂಜೆಯೂ ಇಲ್ಲ. ಅಂಥವರು ಭಾನುವಾರದ ಒಂದು ಉದ್ದ ಓಟ, ವಾರದ ನಡುವೆ ಇಪ್ಪತ್ತು ನಿಮಿಷದ ಒಂದೆರಡು ಓಟ ಹಿಡಿದುಕೊಂಡರೂ ಚಳಿಗಾಲ ವ್ಯರ್ಥವಾಗುವುದಿಲ್ಲ.

ಛಲದ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಸಂಶೋಧನೆ ಹೇಳುವುದು ರೂಢಿಯ ಬಗ್ಗೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರಿಗೆ ದಿನಾ ಒಂದು ಹೊಸ ಕೆಲಸ ಮಾಡಲು ಹೇಳಿ, ಅದು ಎಷ್ಟು ದಿನಕ್ಕೆ ಯೋಚನೆಯಿಲ್ಲದೆ ತಾನಾಗಿ ನಡೆಯುತ್ತದೆಂದು ನೋಡಿದರು. 2010ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ನಡುಮೌಲ್ಯ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ಬೇಕೆಂದು ಅಂದಾಜಾಯಿತು. ಅದರಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಮದುವೆ, ಜ್ವರ, ಪಾಳಿ ಕೆಲಸ, ಯಾವುದರಿಂದಲೋ ಒಂದು ದಿನ ತಪ್ಪಿದ್ದಕ್ಕೆ ಇಡೀ ಚಳಿಗಾಲವನ್ನೇ ಬಿಟ್ಟುಬಿಡುವವರನ್ನು ನೋಡಿ ನೋಡಿ ಈ ಮಾತನ್ನು ಎಲ್ಲರಿಗೂ ಹೇಳಬೇಕೆನ್ನಿಸುತ್ತದೆ.

ರೂಢಿ ಬೀಳಲು ಒಂದು ಹಿಡಿಕೆ ಬೇಕು. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್‌ವಿಟ್ಸರ್ 1990ರ ದಶಕದಲ್ಲಿ ತೋರಿಸಿಕೊಟ್ಟಂತೆ "ವ್ಯಾಯಾಮ ಮಾಡುತ್ತೇನೆ" ಎಂದುಕೊಳ್ಳುವವರಿಗಿಂತ "ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ, ಇದಾದ ಕೂಡಲೇ ಮಾಡುತ್ತೇನೆ" ಎಂದು ಗೊತ್ತುಮಾಡಿಕೊಂಡವರು ಮಾತಿಗೆ ನಿಲ್ಲುವುದು ಹೆಚ್ಚು. ನಮ್ಮ ಹಳ್ಳಿಗಳಿಗೆ ಇದು ಹೊಸತೇನಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ ವರ್ಷದ ಅತಿ ಚಳಿಯ ತಿಂಗಳು. ಆ ತಿಂಗಳೇ ದೇವಸ್ಥಾನದಲ್ಲಿ ಸೂರ್ಯ ಹುಟ್ಟುವ ಮೊದಲು ಪೂಜೆ, ಮುಗಿದ ಕೂಡಲೇ ಬಿಸಿ ಬಿಸಿ ಹುಗ್ಗಿಯ ಪ್ರಸಾದ. ಅಜ್ಜಿಯರು ತಣ್ಣೀರು ಮಿಂದು ಹೊರಡುತ್ತಾರೆ. ಗೊತ್ತಾದ ಹೊತ್ತು, ಗೊತ್ತಾದ ಜಾಗ, ಜೊತೆಗೆ ಜನ, ಕೊನೆಗೊಂದು ಬಿಸಿ ದೊನ್ನೆ. ರೂಢಿಯನ್ನು ಕಟ್ಟುವ ನಾಲ್ಕೂ ಅಂಶ ಇಲ್ಲಿವೆ. ಓಟಗಾರರ ಗುಂಪು ಇವುಗಳನ್ನೇ ಹಿಡಿದುಕೊಳ್ಳಬಹುದು: ದಿನಾ ಅದೇ ಅರಳಿಕಟ್ಟೆಯ ಬಳಿ ಸೇರುವುದು, ತಡವಾದವರಿಗೆ ಐದೇ ನಿಮಿಷ ಕಾಯುವುದು, ಮುಗಿದ ಮೇಲೆ ಒಟ್ಟಿಗೆ ಕಾಫಿ.

ಇನ್ನು ರಸ್ತೆಗೆ ಇಳಿಯೋಣ. ಬಂಗಾರಪೇಟೆಯಿಂದ ಬೂದಿಕೋಟೆಯ ಕಡೆಗೆ, ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಆ ಕೋಟೆಯ ಕಡೆಗೆ, ಹೊಲಗಳ ನಡುವೆ ಓಡಿದವರಿಗೆ ಗೊತ್ತಿರುತ್ತದೆ: ದಿಣ್ಣೆಯ ಮೇಲೆ ಹಿತವಾಗಿದ್ದ ಗಾಳಿ, ತಗ್ಗಿಗೆ ಇಳಿದು ಕೆರೆ ಏರಿಯ ಬಳಿ ಬರುತ್ತಿದ್ದಂತೆ ಕಿವಿ ಕೊರೆಯುತ್ತದೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟು ತಣಿಯುತ್ತದೆ. ಅದಕ್ಕೆ ತಗುಲಿದ ಗಾಳಿಯೂ ತಣಿದು, ಭಾರವಾಗಿ, ಇಳಿಜಾರು ಹಿಡಿದು ಕೆರೆಯಂಗಳದಲ್ಲಿ ತುಂಬಿಕೊಳ್ಳುತ್ತದೆ. ಮಂಜು ಮೊದಲು ಕಟ್ಟುವುದೂ ಅಲ್ಲೇ. ಹೊಗೆ ಸಿಕ್ಕಿಹಾಕಿಕೊಳ್ಳುವುದೂ ಅಲ್ಲೇ. ಮೇಲಿನ ಗಾಳಿ ಬೆಚ್ಚಗಿದ್ದು ಕೆಳಗಿನದು ತಣ್ಣಗಿದ್ದಾಗ ಒಲೆಯ ಹೊಗೆ, ಕಸ ಸುಟ್ಟ ಹೊಗೆ ಮೇಲೇರಲಾರದು. ಓಡುವಾಗ ನಾವು ನಿಮಿಷಕ್ಕೆ 60 ಲೀಟರಿಗೂ ಹೆಚ್ಚು ಗಾಳಿ ಸೆಳೆಯುತ್ತೇವೆ, ಸುಮ್ಮನೆ ಕೂತಾಗಿನ ಹತ್ತುಪಟ್ಟು. ಕಸ ಸುಡುವ ಬೀದಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಿರಿ. ಕೆಜಿಎಫ್‌ನವರು ಇನ್ನೊಂದು ಎಚ್ಚರ ವಹಿಸಬೇಕು. ಅದಿರು ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಉಳಿದ ನುಣುಪು ಮಣ್ಣು, ಜನ ಸಯನೈಡ್ ಗುಡ್ಡ ಎನ್ನುವುದು, ಮೂರು ಕೋಟಿ ಟನ್ನಿಗೂ ಹೆಚ್ಚು ಬಿದ್ದಿದೆ. ಅದರಲ್ಲಿ ಸಿಲಿಕಾ ಇದೆ. ಗಾಳಿ ಎದ್ದ ದಿನ ಗುಡ್ಡದ ಧೂಳು ಬೀಸುವ ದಿಕ್ಕಿನಲ್ಲಿ ಓಡಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಚಳಿಗಾಲವೆಂದರೆ ರಾಗಿ ಕೊಯ್ಲಿನ ಕಾಲವೂ ಹೌದು. ಕಣ ಮಾಡುವವರು ಕಡಿಮೆಯಾಗಿ ಈಗ ಟಾರು ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಗಿಡವನ್ನು ರಸ್ತೆಯುದ್ದಕ್ಕೂ ಹರಡಿಬಿಟ್ಟರೆ ಓಡಾಡುವ ಲಾರಿ ಬಸ್ಸುಗಳೇ ಒಕ್ಕಣೆ ಮಾಡಿಕೊಡುತ್ತವೆ. ರಾತ್ರಿಯ ಇಬ್ಬನಿಗೆ ನೆನೆದ ಹುಲ್ಲು ಮೇಲೆ, ಅದರಡಿ ಗುಂಡಗಿನ ರಾಗಿ ಕಾಳು. ಇದರ ಮೇಲೆ ಓಡುವ ಕಾಲು ಇಟ್ಟರೆ ಶೂ ಎಷ್ಟು ಒಳ್ಳೆಯದಾದರೂ ಹಿಡಿತ ಸಿಗದು. ಹಿಮ್ಮಡಿ ಮುಂದಕ್ಕೆ ಜಾರುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ತೊಡೆಯ ಹಿಂಭಾಗದ ಸ್ನಾಯು ಒಮ್ಮೆಲೇ ಎಳೆಯುತ್ತದೆ. ಇಂಥ ಕಡೆ ಹೆಜ್ಜೆ ಚಿಕ್ಕದು ಮಾಡಿ ನಡೆದು ದಾಟಬೇಕು. ರೈತರ ವರ್ಷದ ದುಡಿಮೆಯನ್ನು ತುಳಿಯದೆ ಅಂಚಿನಲ್ಲಿ ಹೋಗುವುದು ಮರ್ಯಾದೆಯೂ ಹೌದು. ಇನ್ನು ಕಾಮಸಮುದ್ರದ ಕಡೆಯವರಿಗೆ ನಾನು ಹೇಳಬೇಕಾದ್ದಿಲ್ಲ. ರಾಗಿ ಹೊಲಕ್ಕೆ ಗಡಿಯಾಚೆಯ ಕಾಡಿನಿಂದ ಆನೆಗಳು ಬರುವ ಕಾಲ ಇದು. ಆನೆ ಬಂದಿದೆಯೆಂದು ಊರಲ್ಲಿ ಸುದ್ದಿಯಿದ್ದರೆ ಪೂರ್ತಿ ಬೆಳಕಾಗುವವರೆಗೆ ಮನೆಯಲ್ಲೇ ಇರಿ.

ಮೊದಲ ಹತ್ತು ನಿಮಿಷ ಮೈ ಮರದ ಕೊರಡಿನಂತೆ ಇರುತ್ತದೆಂದು ಎಲ್ಲರೂ ಹೇಳುತ್ತಾರೆ. ಅದು ಭ್ರಮೆಯಲ್ಲ. ಡೆನ್ಮಾರ್ಕಿನ ಆಸ್ಮುಸೆನ್ ಮತ್ತು ಬೋಯೆ 1945ರಲ್ಲೇ ಬಿಸಿಯಾದ ಸ್ನಾಯು ಹೆಚ್ಚು ಕೆಲಸ ಮಾಡುತ್ತದೆಂದು ತೋರಿಸಿದ್ದರು. ಸ್ವೀಡನ್ನಿನ ವಿಜ್ಞಾನಿಗಳು 1979ರಲ್ಲಿ ಅಳೆದಂತೆ ಸ್ನಾಯುವಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಜಿಗಿತ, ಓಟದ ವೇಗದ ಶಕ್ತಿ ಶೇಕಡ 4ರಿಂದ 6ರಷ್ಟು ಹೆಚ್ಚುತ್ತದೆ. ನಸುಕಿನಲ್ಲಿ ಕಾಲಿನ ಸ್ನಾಯು ಒಡಲಿಗಿಂತ ಹಲವು ಡಿಗ್ರಿ ತಣ್ಣಗಿರುತ್ತದೆ. ಹಾಗಾಗಿ ಐದು ನಿಮಿಷ ಬಿರುಸು ನಡಿಗೆ, ಆಮೇಲೆ ಐದು ನಿಮಿಷ ಮೆಲ್ಲನೆಯ ಓಟ. ನಿಂತಲ್ಲೇ ಕಾಲು ಎಳೆದು ಹಿಗ್ಗಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಸಾಕು. ಮನೆಯಲ್ಲಿ ಬೆಚ್ಚಗಿರುವಷ್ಟು ಹಾಕಿಕೊಂಡರೆ ಎರಡನೇ ಕಿಲೊಮೀಟರಿಗೆ ಒಳಗೆಲ್ಲ ಒದ್ದೆ. ಮಂಕಿ ಕ್ಯಾಪ್ ಕಿವಿಗೆ ಹಿತ, ಮೈ ಬಿಸಿಯಾದ ಕೂಡಲೇ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

"ಇಬ್ಬನೀಲಿ ಓಡಿದ್ರೆ ನೆಗಡಿ ಹತ್ತುತ್ತೆ ಕಣಪ್ಪಾ" ಎಂದು ಪ್ರತಿ ಮನೆಯಲ್ಲೂ ಅಮ್ಮನೋ ಅಜ್ಜಿಯೋ ಹೇಳುತ್ತಾರೆ. ಅವರ ಕಾಳಜಿ ದೊಡ್ಡದು, ಅದಕ್ಕೆ ಸರಿಯಾದ ಉತ್ತರ ಕೊಡಬೇಕು. ನೆಗಡಿ ಬರುವುದು ವೈರಸ್‌ನಿಂದ, ಹೆಚ್ಚಾಗಿ ಕಿಟಕಿ ಮುಚ್ಚಿದ ಕೋಣೆಗಳಲ್ಲಿ, ತುಂಬಿದ ಬಸ್ಸು ರೈಲುಗಳಲ್ಲಿ. ಅಮೆರಿಕದ ಡೇವಿಡ್ ನೀಮನ್ ಮತ್ತು ಸಂಗಡಿಗರು ಸಾವಿರ ಜನರನ್ನು ಶರತ್ಕಾಲ, ಚಳಿಗಾಲದ 12 ವಾರ ಗಮನಿಸಿ 2011ರಲ್ಲಿ ಬರೆದದ್ದು ಹೀಗೆ: ವಾರಕ್ಕೆ ಐದು ದಿನ ಇಲ್ಲವೇ ಹೆಚ್ಚು ವ್ಯಾಯಾಮ ಮಾಡುವವರು ನೆಗಡಿ ಕೆಮ್ಮಿನಲ್ಲಿ ಕಳೆದ ದಿನಗಳು, ಮಾಡದವರಿಗಿಂತ ಶೇಕಡ 43ರಷ್ಟು ಕಡಿಮೆ. ಅಜ್ಜಿಯ ಮಾತಿನಲ್ಲಿ ಒಂದು ಅಂಶ ನಿಜ. ಓಟ ನಿಲ್ಲಿಸಿದ ಮೇಲೆ ಶಾಖದ ಉತ್ಪಾದನೆ ಕೆಲವೇ ನಿಮಿಷಗಳಲ್ಲಿ ಬಿದ್ದುಹೋಗುತ್ತದೆ, ಒದ್ದೆ ಬನಿಯನ್ನು ಮಾತ್ರ ಮೈಯಿಂದ ಶಾಖ ಹೀರುತ್ತಲೇ ಇರುತ್ತದೆ. ಹರಟೆಗೆ ನಿಲ್ಲುವ ಮೊದಲು ಬಟ್ಟೆ ಬದಲಿಸಬೇಕು. ಆಸ್ತಮಾ ಇರುವವರು, ಎದೆ ಬಿಗಿಯುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ನೀರನ್ನೂ ಮರೆಯುವಂತಿಲ್ಲ. ಚಳಿಯಲ್ಲಿ ಬಾಯಾರಿಕೆ ತಗ್ಗುತ್ತದೆ. ಆದರೆ ಒಳಗೆಳೆದ ಪ್ರತಿ ಉಸಿರಿಗೂ ದೇಹ ತನ್ನ ತೇವ ಸೇರಿಸಿ ಹೊರಬಿಡುತ್ತದೆ. 14 ಡಿಗ್ರಿಯ ಗಾಳಿಯಲ್ಲಿ ಅರ್ಧ ಗಂಟೆ ಓಡಿದರೆ ಉಸಿರಿನಲ್ಲೇ ಐವತ್ತು ಅರವತ್ತು ಮಿಲಿಲೀಟರ್ ನೀರು ಹೋಗುತ್ತದೆ. ಬೆವರು ಬೇರೆ.

ಈಗ ಮುಖ್ಯವಾದ ಮಾತು, ಈ ನಾಲ್ಕು ತಿಂಗಳಲ್ಲಿ ಏನು ಓಡಬೇಕು ಎಂಬುದು. ನನ್ನ ಉತ್ತರ: ನಿಧಾನವಾಗಿ, ಬಹಳ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರ ತನ್ನ ನೆರೆಹೊರೆಯ ಹುಡುಗರನ್ನು ತಿಂಗಳುಗಟ್ಟಲೆ ವಾರಕ್ಕೆ 160 ಕಿಲೊಮೀಟರಿನಂತೆ ದೂರದ ಓಟ ಓಡಿಸುತ್ತಿದ್ದ. 800 ಮೀಟರ್ ಓಡುವವನಿಗೂ ಅದೇ ಪಾಠ. ಆಗ ಜನಕ್ಕೆ ಅದು ಅರ್ಥವಾಗಿರಲಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸೆಪ್ಟೆಂಬರ್ 2ರಂದು ಒಂದೇ ದಿನ ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲಿ ಚಿನ್ನ ಗೆದ್ದರು. ಏಳು ವರ್ಷದ ನಂತರ, 1967ರಲ್ಲಿ, ಅಮೆರಿಕದ ಜಾನ್ ಹಾಲೊಸಿ ಇಲಿಗಳನ್ನು ಹನ್ನೆರಡು ವಾರ ಓಡಿಸಿ ಅವುಗಳ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯದ ಕಿಣ್ವಗಳು ಸುಮಾರು ಇಮ್ಮಡಿಯಾದದ್ದನ್ನು ಕಂಡರು. ಮೈಟೊಕಾಂಡ್ರಿಯವೆಂದರೆ ಆಮ್ಲಜನಕ ಬಳಸಿ ಕೊಬ್ಬು, ಸಕ್ಕರೆಯಿಂದ ಶಕ್ತಿ ತೆಗೆಯುವ ಜೀವಕೋಶದ ಭಾಗ. ನಿಧಾನದ ಓಟ ಅದನ್ನು ಬೆಳೆಸುತ್ತದೆ. ಸ್ನಾಯುವಿನ ಸುತ್ತ ಹೊಸ ಲೋಮನಾಳಗಳು ಹುಟ್ಟುತ್ತವೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗಲು ಇನ್ನೂ ಹೆಚ್ಚು ವಾರ ಬೇಕು, ಅವಸರ ಮಾಡಿದವರು ಮೊಣಕಾಲು ಹಿಡಿದು ಕೂರುವುದು ಇದಕ್ಕೇ. ವಿಶ್ವಮಟ್ಟದ ಓಟಗಾರರೂ ಅಭ್ಯಾಸದ ಶೇಕಡ 80ರಷ್ಟನ್ನು ಹಗುರವಾಗಿಯೇ ಓಡುತ್ತಾರೆಂದು ಸ್ಟೀಫನ್ ಸೈಲರ್ ಅವರ ಅಧ್ಯಯನಗಳು ತೋರಿಸಿವೆ.

ಹಗುರ ಎಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುತ್ತಾ ಓಡಲು ಸಾಧ್ಯವಾಗುವ ವೇಗ. ನಮ್ಮಲ್ಲಿ ಹೆಚ್ಚಿನವರು ದಿನಾ ಇದಕ್ಕಿಂತ ಜೋರಾಗಿ ಓಡಿ, ಮೂರನೇ ವಾರಕ್ಕೆ ಬೇಸತ್ತು ಬಿಡುತ್ತಾರೆ. ಬಿಡುವುದಕ್ಕೆ ಚಳಿಯ ಹೆಸರು ಸಿಗುತ್ತದೆ. ವಾರಕ್ಕೆ ನಾಲ್ಕು ದಿನ ಇಂಥ ಓಟ. ಅದರಲ್ಲಿ ಒಂದು ದಿನ ಕೊನೆಗೆ ಇಪ್ಪತ್ತು ಸೆಕೆಂಡಿನ ಐದಾರು ಬಿರುಸಿನ ಓಟ, ಇನ್ನೊಂದು ದಿನ ಒಂದು ದಿಣ್ಣೆಯನ್ನು ಕೆಲವು ಸಲ ಹತ್ತಿ ಇಳಿಯುವುದು. ಸುಧಾರಣೆಯನ್ನು ವಾರದ ಲೆಕ್ಕದಲ್ಲಿ ಹುಡುಕಬೇಡಿ. ನವೆಂಬರ್‌ನಲ್ಲಿ ಒಂದು ದಾರಿ ಗೊತ್ತುಮಾಡಿಕೊಂಡು ಮಾತಾಡುವ ವೇಗದಲ್ಲೇ ಓಡಿ ಹೊತ್ತು ಬರೆದಿಡಿ. ಆರು ವಾರಕ್ಕೊಮ್ಮೆ ಅದೇ ದಾರಿ, ಅದೇ ಮಾತು, ಅದೇ ಉಸಿರು. ಹೊತ್ತು ಕಡಿಮೆಯಾಗಿದ್ದರೆ ಒಳಗೆ ಕೆಲಸ ನಡೆದಿದೆ. ನಾಡಿ ಹಿಡಿದು ನೋಡುವ ರೂಢಿಯಿದ್ದವರಿಗೆ ಬೆಳಿಗ್ಗೆ ಏಳುವಾಗಿನ ಬಡಿತ ಮೆಲ್ಲಗೆ ಇಳಿಯುವುದೂ ಕಾಣುತ್ತದೆ.

ಮನೆಗೆ ಬಂದರೆ ಅವರೆಕಾಯಿಯ ಕಾಲ. ಹಗಲು ಚಿಕ್ಕದಾದಾಗಲೇ ಹೂಬಿಡುವ ನಾಟಿ ಅವರೆ ಈ ತಿಂಗಳುಗಳಲ್ಲಷ್ಟೇ ಸೊಗಡು ಹಿಡಿಯುತ್ತದೆ. ಓಟದಲ್ಲಿ ಖಾಲಿಯಾದ ಸ್ನಾಯುವಿನ ಗ್ಲೈಕೊಜನ್ ತುಂಬಲು ರಾಗಿ ಮುದ್ದೆಯ ಪಿಷ್ಟ, ಸವೆದ ನಾರುಗಳ ರಿಪೇರಿಗೆ ಹಿತಕಿದ ಬೇಳೆ ಸಾರಿನ ಪ್ರೋಟೀನು. ಡಬ್ಬದ ಪುಡಿಗಳಿಗೆ ದುಡ್ಡು ಸುರಿಯುವ ಅಗತ್ಯವನ್ನು ನಾನು ಕಾಣೆ.

ಶಿವರಾತ್ರಿ ಕಳೆದು ಮಾರ್ಚ್ ಬಂದಾಗ ವೇಗ ಇದ್ದಕ್ಕಿದ್ದಂತೆ ಇಳಿಯುತ್ತದೆ. ಅದೇ ದಾರಿಗೆ ಎರಡು ನಿಮಿಷ ಹೆಚ್ಚು, ನಾಡಿ ಜೋರು. ಎಷ್ಟೋ ಜನ ಚಳಿಗಾಲದ ಅಭ್ಯಾಸವೆಲ್ಲ ನೀರುಪಾಲಾಯಿತೆಂದು ಕಂಗೆಡುತ್ತಾರೆ. ಗಳಿಸಿದ್ದು ಎಲ್ಲೂ ಹೋಗಿರುವುದಿಲ್ಲ. ಹೃದಯ ಮತ್ತೆ ಚರ್ಮಕ್ಕೂ ರಕ್ತ ಹಂಚಬೇಕಾಗಿ ಬಂದಿರುತ್ತದೆ, ಅಷ್ಟೆ. ಗಣಿಗಳಲ್ಲಿ ಕಂಡಂತೆ ಎರಡು ವಾರದ ಹೊಂದಾಣಿಕೆ ಇಲ್ಲೂ ಬೇಕು. ಮೊದಲ ನಾಲ್ಕೈದು ದಿನ ದೂರವನ್ನು ಅರ್ಧಕ್ಕೆ ಇಳಿಸಿ, ಬೆಳಿಗ್ಗೆ ಎಂಟರ ನಂತರದ ಬಿಸಿಲಿಗೆ ಹೋಗದೆ, ನೀರಿನ ಜೊತೆ ಉಪ್ಪು ಬೆರೆಸಿದ ಮಜ್ಜಿಗೆ ಹೆಚ್ಚಿಸಿ, ಆಮೇಲೆ ದಿನಕ್ಕಿಷ್ಟು ಎಂದು ಏರಿಸಬೇಕು. ಬೆಂಗಳೂರಿನ ದೊಡ್ಡ 10 ಕಿಲೊಮೀಟರ್ ಓಟ, 2008ರಲ್ಲಿ ಶುರುವಾದ ವರ್ಲ್ಡ್ 10ಕೆ, ಈಚಿನ ವರ್ಷಗಳಲ್ಲಿ ನಡೆದಿರುವುದು ಏಪ್ರಿಲ್ ಕೊನೆಯ ಸೆಕೆಯಲ್ಲಿ. ಅದಕ್ಕೆ ಮಾರ್ಚ್‌ನಲ್ಲಿ ತಯಾರಿ ಶುರು ಮಾಡಿದರೆ ಹನ್ನೆರಡು ವಾರವೂ ಸಿಗುವುದಿಲ್ಲ. ಹೆಸರು ಕೊಡುವ ಯೋಚನೆಯಿದ್ದವರು ನವೆಂಬರ್‌ನಲ್ಲೇ ಓಡಲು ಶುರು ಮಾಡಿರಬೇಕು.